ಹ್ಯಾಂಡಲ್ ಹಿಡಿಯುವವರು

ಭಾನುವಾರದೊಳಗೆ ಮೋಟಾರ್ ಸೈಕಲ್ಲು ಗ್ಯಾರೇಜಿನಿಂದ ಹೊರಗೆ ಹೋಗಬೇಕು, ಇಲ್ಲದಿದ್ದರೆ ಸೋಮವಾರ ಗುಜರಿಯವನನ್ನು ಕರೆಸುತ್ತೇನೆ ಎಂದು ಮನೆ ಮಾಲೀಕ ಮಿತ್ರಬಾಬು ಹೇಳಿಹೋದರು. ಹೇಳಿದ್ದು ನಗುನಗುತ್ತಲೇ. ಇಪ್ಪತ್ತೆರಡು ವರ್ಷದಿಂದ ಅವರ ಬಾಡಿಗೆ ಮನೆಯಲ್ಲಿದ್ದೇನೆ, ಕೆಟ್ಟ ಸುದ್ದಿಯನ್ನೆಲ್ಲ ಅವರು ಹೇಳುವುದೇ ಹಾಗೆ. ಮಹಡಿಯ ಹೊಸ ಬಾಡಿಗೆಯವಳು ಕಾರು ಕೊಂಡಿದ್ದಾಳಂತೆ, ಅದಕ್ಕೆ ನೆರಳು ಬೇಕಂತೆ. ಗಾಡಿಯ ಯಜಮಾನನೇ ಹೋದಮೇಲೆ ಗಾಡಿಗೇಕೆ ನೆರಳು ಎಂದು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟು ಮರ್ಯಾದೆ ಇಟ್ಟುಕೊಂಡರು.

ಸೆಕ್ಟರ್ ಫೈವಿನಲ್ಲಿ ಕಂಪ್ಯೂಟರ್ ಕಂಪನಿಗಳು ಅಣಬೆಯ ಹಾಗೆ ಎದ್ದ ಮೇಲೆ ಈ ಊರಿನ ಮನೆ ಮಾಲೀಕರಿಗೆಲ್ಲ ಕಣ್ಣು ನೆತ್ತಿಗೆ ಹೋಗಿದೆ. ಮಹಡಿಯವಳು ಕೊಡುವ ಬಾಡಿಗೆಯ ಮುಂದೆ ನಾನು ಯಾವ ಲೆಕ್ಕ. ಹೆಸರು ಪ್ರೇರಣಾ, ಬೆಂಗಳೂರಿನವಳು, ನಮ್ಮ ಭಾಷೆಯವಳೇ. ಮೆಟ್ಟಿಲ ಮೇಲೆ ಫೋನಿನಲ್ಲಿ ಕನ್ನಡ ಮಾತಾಡುವುದು ಎಷ್ಟೋ ಸಲ ಕಿವಿಗೆ ಬಿದ್ದಿತ್ತು. ಆದರೆ ಕಾರಿನ ಸುದ್ದಿ ಬಂದ ದಿನದಿಂದ ಅವಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಎದುರಿಗೆ ಬಂದರೆ ನಾನು ತುಳಸಿ ಗಿಡದ ಕಡೆ ತಿರುಗಿ ನಿಲ್ಲುತ್ತಿದ್ದೆ.

ನನ್ನ ಹೆಸರು ವಾಸಂತಿ. ಮೈಸೂರಿನ ಒಂಟಿಕೊಪ್ಪಲಿನಿಂದ ಎಂಬತ್ತನಾಲ್ಕರಲ್ಲಿ ಬಂಗಾಳದ ಈ ಲೇಕ್ ಗಾರ್ಡನ್ಸ್ ಬಡಾವಣೆಗೆ ಬಂದವಳು. ಯಜಮಾನರು ನರಹರಿ, ಲಿಲುವಾದ ರೈಲ್ವೆ ವರ್ಕ್‌ಶಾಪಿನಲ್ಲಿ ಬೋಗಿಗಳನ್ನು ಜಾಕಿನ ಮೇಲೆ ಎತ್ತುವ ವಿಭಾಗದಲ್ಲಿದ್ದರು. ಹೋದ ಮಾರ್ಚಿನಲ್ಲಿ ನಮ್ಮ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಮಕ್ಕಳಿಲ್ಲ. ಒಂದು ಹುಟ್ಟಿತ್ತು, ಒಂಬತ್ತು ದಿನ ಇತ್ತು. ಸಿಟ್ಟೊಂದು ಮಾತ್ರ ನಾನು ಹುಟ್ಟಿದಾಗಿನಿಂದ ನನ್ನ ಜೊತೆಗಿದೆ, ಅದು ಇನ್ನೂ ಬಿಟ್ಟು ಹೋಗಿಲ್ಲ.

ಗಾಡಿ ಯೆಜ್ಡಿ, ಮೈಸೂರಿನಲ್ಲೇ ತಯಾರಾದದ್ದು. ನಮ್ಮ ಜೊತೆಗೇ ಗೋಣಿ ಸುತ್ತಿಸಿಕೊಂಡು ರೈಲಿನಲ್ಲಿ ಬಂತು. ಮೈಸೂರಿನಿಂದ ಇಲ್ಲಿಗೆ ಬಂದವರು ಮೂವರು ಎಂದು ಅವರು ಹೇಳುತ್ತಿದ್ದರು. ಈಗ ಇಬ್ಬರು ಉಳಿದಿದ್ದೇವೆ. ಎರಡು ಗಲ್ಲಿಯಾಚೆ ಟೆಲಿಫೋನ್ ಇಲಾಖೆಯವರ ಹೆಂಡತಿ ಸಾವಿತ್ರಿ ಇದ್ದಾರೆ, ಧಾರವಾಡದ ಕಡೆಯವರು. ಅವರ ಮನೆ ಪಕ್ಕದಲ್ಲಿ ತಗಡಿನ ಚಾವಣಿಯ ಜಾಗವಿದೆ. ಕೇಳಿದೆ, ತಂದು ನಿಲ್ಲಿಸಿರಿ ಎಂದರು. ಅಲ್ಲಿಯವರೆಗೆ ತಳ್ಳಿಕೊಂಡು ಹೋದರೆ ನನ್ನ ಗಾಡಿ ಉಳಿಯುತ್ತದೆ, ಇಲ್ಲದಿದ್ದರೆ ಗುಜರಿ. ವಿಷಯ ಇಷ್ಟೇ.

ಆದರೆ ತಳ್ಳುವುದಕ್ಕೆ ಅದು ಉರುಳಬೇಕಲ್ಲ. ಸಾಲದ್ದಕ್ಕೆ ಈ ಸಲದ ಮಳೆಯಲ್ಲಿ ಗ್ಯಾರೇಜಿನೊಳಗೆ ಮೊಣಕಾಲುದ್ದ ನೀರು ನಿಂತಿತ್ತು. ಚೈನು ತುಕ್ಕು ಹಿಡಿದು ಕಟ್ಟಿಕೊಂಡು, ಹಿಂದಿನ ಚಕ್ರ ಜಪ್ಪಯ್ಯ ಎಂದರೂ ತಿರುಗುತ್ತಿರಲಿಲ್ಲ. ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದೆ, ಅದು ನಿಂತಿತು. ಚೈನಿಗೆ ಸೀಮೆಎಣ್ಣೆ ಹಾಕಿ ಚಕ್ರ ತಿರುಗಿಸಿ ತಿರುಗಿಸಿ ಬಿಡಿಸಬೇಕು ಎಂದು ನನಗೂ ಗೊತ್ತು. ಅದಕ್ಕೆ ಗಾಡಿಯನ್ನು ನೆಲದಿಂದ ಎತ್ತಬೇಕು. ಮೂಲೆ ಅಂಗಡಿಯ ಬಿಹಾರಿ ಮೆಕ್ಯಾನಿಕ್ ಛಠ್ ಪೂಜೆಗೆ ಊರಿಗೆ ಹೋದವನು ಮುಂದಿನ ವಾರವೇ ಬರುವುದು. ಇದ್ದಿದ್ದರೂ ಕರೆಯುತ್ತಿದ್ದೆನೋ ಇಲ್ಲವೋ. ಯಜಮಾನರು ಆ ಗಾಡಿಗೆ ಬೇರೆಯವರ ಕೈ ಸೋಕಿಸಿದವರಲ್ಲ.

ಬೇರೆಯವರ ಕೈ ಎಂದರೆ, ನನ್ನ ಕೈ ಬಿಟ್ಟು. ಪ್ರತಿ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಗ್ಯಾರೇಜಿನಿಂದ ಕರೆ ಬರುತ್ತಿತ್ತು: "ವಾಸಂತಿ, ಒಂದ್ನಿಮಿಷ ಬಾ." ಆ ಒಂದು ನಿಮಿಷ ಮುಕ್ಕಾಲು ಗಂಟೆ ಎಳೆಯುತ್ತಿತ್ತು. ಗಾಡಿಯ ನಡುವಿನ ಸ್ಟ್ಯಾಂಡಿನ ಒಂದು ಕಾಲು ಯಾವಾಗಲೋ ಮುರಿದಿತ್ತು. ಬೆಸುಗೆ ಹಾಕಿಸಿ, ಬೆಸುಗೆ ಹಾಕಿಸಿ ಎಂದು ನಾನು ವರ್ಷಗಟ್ಟಲೆ ಬಡಿದುಕೊಂಡೆ. ವರ್ಕ್‌ಶಾಪಿನಲ್ಲಿ ನೂರು ಜನ ವೆಲ್ಡರುಗಳು, ಇವರ ಗಾಡಿಗೆ ಒಬ್ಬನೂ ಸಿಗಲಿಲ್ಲ. 'ನೋಡೋಣ' ಎನ್ನುತ್ತಿದ್ದರು. ಬದಲಿಗೆ ಮಲ್ಲಿಕ್ ಬಜಾರಿನಿಂದ ಹಳೆಯದೊಂದು ಜಾಕು ತಂದರು. ಕಾರು ಎತ್ತುವಂಥದ್ದು, ಚಕ್ರದ ಮೇಲೆ ಓಡಾಡುವಂಥದ್ದು, ಉದ್ದ ಹಿಡಿ, ಮೊಸಳೆಯ ಹಾಗೆ ನೆಲಕ್ಕಂಟಿಕೊಂಡು ಮಲಗಿರುತ್ತಿತ್ತು.

ಅವರ ಕೆಲಸದಲ್ಲಿ ಒಂದು ಕ್ರಮ. ಮುಂದಿನ ಚಕ್ರದ ಹಿಂದೆಮುಂದೆ ಇಟ್ಟಿಗೆ. ಗೇರು ನ್ಯೂಟ್ರಲ್. ಜಾಕಿನ ತಲೆಯ ಮೇಲೆ ಮರದ ತುಂಡು, ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಜಾರುತ್ತದೆ. ಎಂಜಿನ್ನಿನ ಕೆಳಗೆ ಎರಡು ಕೊಳವೆಗಳು ಓಡುತ್ತವಲ್ಲ, ಅವುಗಳ ನಡುಮಧ್ಯಕ್ಕೆ ಸರಿಯಾಗಿ ಆ ಮರದ ತುಂಡು ಕೂರಬೇಕು. ಆಮೇಲೆ ನಿಧಾನಕ್ಕೆ ಹನ್ನೊಂದು ಸಲ ಹಿಡಿ ಒತ್ತಬೇಕು. ಎತ್ತಿದ ಮೇಲೆ ಗಾಡಿಯ ಅಡಿಗೆ ದಿಮ್ಮಿಗಳನ್ನು ಕೊಟ್ಟು, ಅಲುಗಾಡಿಸಿ ನೋಡಿದ ಮೇಲೆಯೇ ಕೈ ಹಾಕುವುದು. ಇದೆಲ್ಲ ನಡೆಯುವಷ್ಟು ಹೊತ್ತೂ, ಆಮೇಲೆ ಚೈನಿನ ಕೆಲಸ ಮುಗಿಯುವವರೆಗೂ, ನಾನು ಮುಂದೆ ನಿಂತು ಎರಡು ಕೈಯಲ್ಲೂ ಹ್ಯಾಂಡಲ್ ಹಿಡಿದಿರಬೇಕು. ಕೈ ನೋಯುತ್ತೆ ಎಂದರೆ ಅವರದು ಒಂದೇ ಉತ್ತರ.

"ಜಾಕು ಎತ್ತುತ್ತೆ ಅಷ್ಟೇ, ಹಿಡ್ಕೊಳಲ್ಲ. ಹಿಡ್ಕೊಳೋಕೆ ಒಬ್ರು ಬೇಕು ಕಣೇ."

ವರ್ಕ್‌ಶಾಪಿನಲ್ಲಿ ಬೋಗಿ ಎತ್ತುವಾಗ ನಾಲ್ಕು ಮೂಲೆಗೆ ನಾಲ್ಕು ಜನ, ಐದನೆಯವನೊಬ್ಬ ಸುಮ್ಮನೆ ನಿಂತು ನೋಡುತ್ತಿರುತ್ತಾನಂತೆ. ಅವನಿಗೂ ಅಷ್ಟೇ ಸಂಬಳವಂತೆ. ನಿಂತಿರುವುದೂ ಕೆಲಸವೇ ಎಂದು ನನಗೆ ಪಾಠ ಹೇಳುತ್ತಿದ್ದರು. ಹಾಗಾದರೆ ನನ್ನ ಸಂಬಳ ಎಲ್ಲಿ ಎಂದು ನಾನು ಕೇಳುತ್ತಿದ್ದೆ.

ಇನ್ನೊಂದು ಹೇಳಬೇಕು. ನಮ್ಮವರು ಮಾತಿನ ಮನುಷ್ಯರಲ್ಲ. ಊಟಕ್ಕೆ ಕೂತರೆ ಉಪ್ಪು, ಮಜ್ಜಿಗೆ, ಅಷ್ಟೇ. ಟೀವಿ ಮುಂದೆ ಕೂತರೆ ಅದೂ ಇಲ್ಲ. ಆದರೆ ಆ ಚಕ್ರದ ಹಿಂದೆ ಮಣೆ ಹಾಕಿಕೊಂಡು ಕೂತು, ಮುಖ ನನಗೆ ಕಾಣದ ಹಾಗಾಯಿತೋ, ಬಾಯಿ ಬಿಚ್ಚುತ್ತಿದ್ದರು. ಹೊಸ ಫೋರ್‌ಮನ್ ಮಾಡಿದ ಅವಮಾನ, ಅವರ ಅಪ್ಪ ಸಾಯುವಾಗ ಹೇಳಿದ ಮಾತು, ಊರಿಗೆ ವರ್ಗ ಕೇಳಲೋ ಬೇಡವೋ ಎಂಬ ಚಿಂತೆ, ಎಲ್ಲ ನಾನು ಕೇಳಿದ್ದು ಹ್ಯಾಂಡಲ್ ಹಿಡಿದುಕೊಂಡೇ. ಕೇಳಿದ್ದು ಎಂದೆನಲ್ಲ, ಅದು ಸುಳ್ಳು. ಅರ್ಧ ಕಿವಿಗೆ ಹಾಕಿಕೊಳ್ಳುತ್ತಿದ್ದೆ. ಒಂದು ಸಲ ಚೈನು ಒರೆಸುತ್ತ ಒರೆಸುತ್ತ, "ಆ ಮಗು ಇದ್ದಿದ್ರೆ ಈ ವರ್ಷ ಹತ್ತನೇ ಕ್ಲಾಸು, ಅಲ್ವೇನೇ" ಎಂದರು. ನಾನು ಏನು ಹೇಳಿದೆ ಗೊತ್ತೇ? "ಬೇಗ ಮುಗಿಸಿ, ಒಲೆ ಮೇಲೆ ಹಾಲಿಟ್ಟಿದೀನಿ" ಎಂದೆ. ಹಾಲು ಇಟ್ಟಿದ್ದು ನಿಜ. ಯಾವಾಗಲೂ ಏನಾದರೊಂದು ಇಟ್ಟೇ ಹೋಗುತ್ತಿದ್ದೆ, ಬೇಗ ಬಿಡಿಸಿಕೊಂಡು ಬರಲು ಒಂದು ನೆವ ಇರಲಿ ಎಂದು.

ಹೋದ ಫೆಬ್ರವರಿಯ ಕೊನೆಯ ಭಾನುವಾರವೂ ಕರೆದರು. ಅವತ್ತು ನನಗೆ ಸೊಂಟ ನೋವು, ಕೆಲಸದವಳು ಬಂದಿರಲಿಲ್ಲ, ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. "ನಾನೇನು ಕಂಬಾನಾ, ತಿಂಗಳು ತಿಂಗಳೂ ಬಂದು ನಿಂತ್ಕೊಳೋಕೆ? ಬೇರೆ ಯಾರನ್ನಾದ್ರೂ ನೋಡ್ಕೊಳಿ" ಎಂದು ಅಡುಗೆಮನೆಯಿಂದಲೇ ಕೂಗಿದೆ. ಆಮೇಲೆ ಒಳಗೆ ಬಂದು ಕೈ ತೊಳೆದುಕೊಂಡರು. "ಹೋಗ್ಲಿ ಬಿಡು, ಮುಂದಿನ ತಿಂಗಳು ನೋಡೋಣ" ಎಂದರು. ಮುಂದಿನ ತಿಂಗಳ ಹತ್ತೊಂಬತ್ತಕ್ಕೆ ಅವರು ಇರಲಿಲ್ಲ.



ಸರಿ, ಭಾನುವಾರ ಬೆಳಿಗ್ಗೆ ಸೆರಗು ಬಿಗಿದು ಗ್ಯಾರೇಜಿಗೆ ಇಳಿದೆ. ಹ್ಯಾಂಡಲ್ ಹಿಡಿಯಲು ಯಾರನ್ನು ಕರೆಯಲಿ ಎಂದು ಶನಿವಾರವೆಲ್ಲ ಯೋಚಿಸಿದ್ದೆ. ಸಾವಿತ್ರಿಗೆ ಮಂಡಿ ನೋವು. ಕೆಲಸದ ಮಾಲತಿ ಭಾನುವಾರ ಬರುವುದಿಲ್ಲ. ಕನ್ನಡ ಬಳಗದವರು ಯುಗಾದಿಗೊಮ್ಮೆ ರಾಜ್ಯೋತ್ಸವಕ್ಕೊಮ್ಮೆ ಫೋನು ಮಾಡುತ್ತಾರೆ, ಅದೂ ಚಂದಾಕ್ಕೆ. ಮಿತ್ರಬಾಬು ಮನೆಯವರನ್ನು ಸತ್ತರೂ ಕೇಳುವುದಿಲ್ಲ. ಇಪ್ಪತ್ತೆರಡು ವರ್ಷ ಒಂದೇ ಗಲ್ಲಿಯಲ್ಲಿದ್ದು, ಹತ್ತು ನಿಮಿಷ ಒಂದು ಹ್ಯಾಂಡಲ್ ಹಿಡಿಯಲು ಕರೆಯುವಂಥ ಒಂದು ಹೆಸರು ನನಗೆ ಸಿಗಲಿಲ್ಲ. ಯಾರನ್ನೂ ಹತ್ತಿರ ಬಿಟ್ಟುಕೊಂಡವಳಲ್ಲ ನಾನು. ಮನೆಯಲ್ಲಿ ಒಬ್ಬರಿದ್ದರು, ಸಾಕು ಎಂದುಕೊಂಡಿದ್ದೆ.

ಇಟ್ಟಿಗೆ ಇಟ್ಟೆ, ನ್ಯೂಟ್ರಲ್ ಮಾಡಿದೆ, ಮರದ ತುಂಡು ಇಟ್ಟೆ. ಎಲ್ಲ ಸರಿ. ಆದರೆ ಹ್ಯಾಂಡಲ್ ಹಿಡಿದರೆ ಜಾಕಿನ ಹಿಡಿ ಎಟುಕುವುದಿಲ್ಲ, ಜಾಕಿನ ಹತ್ತಿರ ಹೋದರೆ ಹ್ಯಾಂಡಲ್ ಎಟುಕುವುದಿಲ್ಲ. ದೇವರು ಇನ್ನೆರಡು ಮೊಳ ಕೈ ಕೊಟ್ಟಿದ್ದರೆ ಅವನ ಗಂಟೇನು ಹೋಗುತ್ತಿತ್ತು. ಹಾಳಾಗಿ ಹೋಗಲಿ ಎಂದು ಹ್ಯಾಂಡಲ್ ಬಿಟ್ಟು ಜಾಕು ಒತ್ತಿದೆ. ಒಂದು, ಎರಡು, ಮೂರು. ಹನ್ನೊಂದು ಎಂಬುದು ನನಗೆ ಬಾಯಿಪಾಠವಾಗಿತ್ತು, ಕಣ್ಣು ಮುಚ್ಚಿಯೂ ಎಣಿಸಬಲ್ಲೆ. ಆರಕ್ಕೆ ಗಾಡಿ ವಾಲಿತು. ನಾನು ಹಿಂದಕ್ಕೆ ಹಾರಿದೆ, ಅದು ಜಾಕಿನಿಂದ ಜಾರಿ ಗೋಡೆಗೆ ಧಡಾರೆಂದು ಒರಗಿತು. ಇನ್ನೊಂದು ಕಡೆಗೆ ವಾಲಿದ್ದರೆ ನನ್ನ ಕಾಲು ಅದರಡಿಯಲ್ಲಿ ಇರುತ್ತಿತ್ತು. ನೆಲದ ಮೇಲೆ ಕೂತುಬಿಟ್ಟೆ. ಅವತ್ತು ನನ್ನ ಕಾಲು ಮುರಿದಿದ್ದರೆ ಸತ್ತೆಯಾ ಬದುಕಿದೆಯಾ ಎಂದು ಕೇಳಲು ಸೋಮವಾರ ಮಾಲತಿಯೇ ಬರಬೇಕಿತ್ತು.

ಮಾಲತಿಗಿಂತ ಮುಂಚೆ ಪ್ರೇರಣಾ ಬಂದಳು. ಸದ್ದು ಕೇಳಿ ಮಹಡಿಯಿಂದ ಓಡಿ ಬಂದಿದ್ದಳು, ಕೈಯಲ್ಲಿ ಮೊಬೈಲು, ಕಾಲಿಗೆ ಚಪ್ಪಲಿಯೂ ಇಲ್ಲ. ಮೂವತ್ತೈದರ ಆಸುಪಾಸಿನ ಹೆಂಗಸು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ನನ್ನನ್ನು ನೋಡಿದಳು, ಗಾಡಿಯನ್ನು ನೋಡಿದಳು. ಪೆಟ್ಟಾಯಿತೇ ಎಂದು ಕನ್ನಡದಲ್ಲೇ ಕೇಳಿದಳು. ಆಗಿಲ್ಲ ಎಂದೆ. ಏನು ಮಾಡುತ್ತಿದ್ದೀರಿ ಎಂದಳು. ನಿನ್ನ ಕಾರಿಗೆ ಜಾಗ ಮಾಡುತ್ತಿದ್ದೇನೆ ಎಂದೆ, ಇದ್ದಬದ್ದ ಖಾರವನ್ನೆಲ್ಲ ಸೇರಿಸಿ.

ಅವಳ ಮುಖ ಇಳಿದುಹೋಯಿತು. ಗ್ಯಾರೇಜು ಖಾಲಿ ಇದೆ ಎಂದು ಮಿತ್ರಬಾಬು ಹೇಳಿದ್ದರಂತೆ. ನಿಮ್ಮ ಗಾಡಿ ಇರುವುದು ಗೊತ್ತಿದ್ದರೆ ಕೇಳುತ್ತಲೇ ಇರಲಿಲ್ಲ, ಕಾರು ಬೀದಿಯಲ್ಲೇ ನಿಲ್ಲುತ್ತದೆ, ಅವರಿಗೆ ಇವತ್ತೇ ಹೇಳುತ್ತೇನೆ ಎಂದಳು. ನನಗೆ ಇನ್ನೂ ಸಿಟ್ಟು ಬಂತು. ಮಾಡಿಟ್ಟುಕೊಂಡ ಸಿಟ್ಟನ್ನೆಲ್ಲ ಒಂದೇ ಮಾತಿನಲ್ಲಿ ಕಿತ್ತುಕೊಂಡರೆ ಏನು ಮಾಡುವುದು. ಯಾರ ದಯೆಯಲ್ಲೂ ನನ್ನ ಗಾಡಿ ಇಲ್ಲಿ ನಿಲ್ಲುವುದು ಬೇಡ, ಸಾವಿತ್ರಿಯವರ ಮನೆಗೆ ಹೋಗುತ್ತದೆ ಎಂದೆ. ಎತ್ತುವುದಷ್ಟೇ ಬಾಕಿ, ಹಿಡಿಯಲು ಒಬ್ಬರು ಬೇಕು.

ಒಂದು ನಿಮಿಷ ಎಂದು ಮೇಲೆ ಹೋದವಳು ಲ್ಯಾಪ್‌ಟಾಪಿನಲ್ಲಿ ಏನೋ ಓದಿಕೊಂಡು ಬಂದಳು. ಇಂಥ ಗಾಡಿಯನ್ನು ಜಾಕಿನ ಮೇಲೆ ಎತ್ತುವಾಗ ಇಬ್ಬರಿರಬೇಕಂತೆ, ಇಲ್ಲವೇ ಹ್ಯಾಂಡಲ್ಲಿನ ಎರಡೂ ಬದಿಗೆ ಬೆಲ್ಟು ಕಟ್ಟಿ ಗೋಡೆಗೆ ಬಿಗಿಯಬೇಕಂತೆ. ಇದನ್ನು ಹೇಳಲು ಅಮೆರಿಕದ ಯಂತ್ರ ಬೇಕಾಯಿತೇ ಎಂದುಕೊಂಡೆ. ಇಬ್ಬರೂ ಸೇರಿ ಗಾಡಿಯನ್ನು ನೆಟ್ಟಗೆ ನಿಲ್ಲಿಸಿದೆವು. ನೀನು ಒತ್ತು, ನಾನು ಹಿಡಿಯುತ್ತೇನೆ ಎಂದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಗೋಡೆ ನೋಡುತ್ತಿದ್ದಳು.

"ಆಂಟಿ, ಈ ರಿಂಗ್‌ಗಳು ಯಾಕೆ ಇಲ್ಲಿ?"

ಎರಡು ಬದಿಯ ಗೋಡೆಯಲ್ಲೂ ಎದುರುಬದುರಾಗಿ ಹೆಬ್ಬೆರಳು ದಪ್ಪದ ಕಬ್ಬಿಣದ ಬಳೆಗಳಿದ್ದವು. ನಾವು ಬಂದ ಎರಡನೇ ವರ್ಷ ಯಜಮಾನರೇ ಗೋಡೆ ಕೊರೆದು ಕೂರಿಸಿದ್ದು. ಅದಕ್ಕೆ ಮಿತ್ರಬಾಬು ರಂಪ ಮಾಡಿದ್ದರು. ಬಟ್ಟೆ ಒಣಗಿಸುವುದಕ್ಕೆ ಎಂದೆ. ಅಂದಿನಿಂದ ಇಂದಿನವರೆಗೂ ನಾನು ಅವುಗಳಿಗೆ ಹಗ್ಗ ಕಟ್ಟಿಯೇ ಮಳೆಗಾಲದ ಬಟ್ಟೆ ಒಣಗಿಸಿದ್ದು. ಮೊದಲ ಸಲ ಹಗ್ಗ ಕಟ್ಟಿದ ದಿನ ಅವರು ಬಾಗಿಲಲ್ಲಿ ನಿಂತು ನೋಡಿ, ಹಾಗೇ ಒಳಗೆ ಹೋದರು.

ಬಟ್ಟೆ ಹಗ್ಗಕ್ಕೆ ಇಷ್ಟು ದಪ್ಪದ್ದು ಯಾರೂ ಹಾಕುವುದಿಲ್ಲ ಎಂದಳು ಪ್ರೇರಣಾ. ಅವರ ಹತಾರದ ಟ್ರಂಕು ತೆರೆಯಲೇ ಎಂದು ಕೇಳಿದಳು. ನಾನು ಅದನ್ನು ಯಾವತ್ತೂ ಮುಟ್ಟಿದವಳಲ್ಲ. ಅವರು ಹೋದ ಮೇಲಂತೂ ಧೈರ್ಯವೇ ಬಂದಿರಲಿಲ್ಲ. ತೆಗಿ ಎಂದೆ. ಸ್ಪ್ಯಾನರುಗಳ ಕೆಳಗೆ, ತಳದಲ್ಲಿ, ಬಂಗಾಳಿ ಪೇಪರಿನಲ್ಲಿ ಸುತ್ತಿದ ಒಂದು ಗಂಟು. ಬಿಚ್ಚಿದರೆ ಎರಡು ಕ್ಯಾನ್‌ವಾಸ್ ಬೆಲ್ಟುಗಳು, ವರ್ಕ್‌ಶಾಪಿನ ಮಾಲು, ನಡುವೆ ಬಿಗಿಯುವ ಬಕಲು, ಎರಡೂ ತುದಿಗೆ ಕೊಕ್ಕೆ. ಹ್ಯಾಂಡಲಿಗೆ ಸಿಕ್ಕಿಸುವ ಕೊಕ್ಕೆಗಳಿಗೆ ಗೀರು ಬೀಳದಂತೆ ಬಟ್ಟೆ ಸುತ್ತಿ, ಒತ್ತೊತ್ತಾಗಿ ಕೈಹೊಲಿಗೆ ಹಾಕಿದ್ದರು.

ಆ ಬಟ್ಟೆ ನನ್ನ ಸೀರೆಯದು. ನೀಲಿ ವಾಯಿಲ್ ಸೀರೆ, ಮಗುವಿನ ಬಾಣಂತನ ಮುಗಿದ ಮೇಲೆ ಹರಿದದ್ದು, ಎಂಬತ್ತೈದರಲ್ಲಿ. ಒರೆಸುವುದಕ್ಕೆ ತಗೊಳ್ಳಿ ಎಂದು ನಾನೇ ಕೊಟ್ಟಿದ್ದೆ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದೆ. ಹೊಲಿಗೆ ಹಾಕಿದ ದಿನ ಹೇಗಿತ್ತೋ ಹಾಗೇ ಇತ್ತು, ಎಲ್ಲಿಯೂ ಒಂದು ಚುಕ್ಕೆ ಎಣ್ಣೆಯ ಕಲೆ ಇರಲಿಲ್ಲ. ಆ ಬೆಲ್ಟನ್ನು ಒಂದು ಸಲವೂ ಹ್ಯಾಂಡಲಿಗೆ ಹಾಕಿರಲಿಲ್ಲ.

"ಅಂಕಲ್ ಎಲ್ಲಾ ಸೆಟ್ ಮಾಡಿಟ್ಟಿದಾರೆ ಆಂಟಿ. ಇದಿದ್ರೆ ಯಾರೂ ಹಿಡ್ಕೊಳೋದೇ ಬೇಡ" ಎಂದಳು.

ಕೊಕ್ಕೆಯನ್ನು ಬಳೆಗೆ ಹಾಕಿದಳು. ಅಳತೆ ತೆಗೆದು ಮಾಡಿದ್ದು, ಟಕ್ಕೆಂದು ಕೂತಿತು. ಎಡಕ್ಕೊಂದು, ಬಲಕ್ಕೊಂದು, ಎರಡೂ ಬದಿ ಒಂದೇ ಸಮ ಬಿಗಿದಳು. ಒತ್ತಿ ಎಂದಳು. ನಾನು ಒತ್ತಿದೆ. ಹನ್ನೊಂದು. ಗಾಡಿ ಎತ್ತಲೂ ವಾಲದೆ, ಅಳ್ಳಾಡದೆ ಮೇಲೆದ್ದಿತು. ದಿಮ್ಮಿ ಕೊಟ್ಟೆವು. ಅವಳು ಅಲುಗಾಡಿಸಿ ನೋಡಿದಳು, ಕಲ್ಲುಕಂಬದ ಹಾಗೆ ನಿಂತಿತ್ತು. ನಾನು ಎರಡೂ ಕೈ ಬರಿದು ಮಾಡಿಕೊಂಡು ಅದರ ಮುಂದೆ ನಿಂತಿದ್ದೆ.

ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಆಫೀಸಿನದು, ಭಾನುವಾರವೂ ಬಿಡುವುದಿಲ್ಲವಂತೆ, ಒಂದು ಗಂಟೆ ಬೇಕಂತೆ. ಬಂದು ಸಾವಿತ್ರಿಯವರ ಮನೆಯವರೆಗೆ ತಳ್ಳಲು ಸೇರಿಕೊಳ್ಳುತ್ತೇನೆ, ಒಬ್ಬರೇ ತಳ್ಳಬೇಡಿ ಎಂದು ಎರಡೆರಡು ಸಲ ಹೇಳಿ ಮೆಟ್ಟಿಲು ಹತ್ತಿ ಹೋದಳು. ಒಳ್ಳೆಯ ಹುಡುಗಿ. ಇಷ್ಟು ದಿನ ತುಳಸಿ ಗಿಡದ ಕಡೆ ತಿರುಗಿ ನಿಂತ ನನ್ನ ಬುದ್ಧಿಗಿಷ್ಟು.

ಒಬ್ಬಳೇ ಮಣೆ ಹಾಕಿಕೊಂಡು ಚಕ್ರದ ಹಿಂದೆ ಕೂತೆ. ಅವರು ಕೂರುವ ಜಾಗದಲ್ಲಿ ಅದೇ ಮೊದಲ ಸಲ ಕೂತಿದ್ದು. ಸೀಮೆಎಣ್ಣೆ ಹಾಕಿ ಹಳೇ ಬ್ರಷ್ಷಿನಲ್ಲಿ ಚೈನು ತಿಕ್ಕಿದೆ. ತಿಕ್ಕಿದೆ, ಎಳೆದೆ, ಮತ್ತೆ ತಿಕ್ಕಿದೆ. ಅರ್ಧ ಗಂಟೆಗೆ ಚಕ್ರ ಒಂದು ಅಂಗುಲ ಕದಲಿತು, ಆಮೇಲೆ ಒಂದು ಗೇಣು, ಆಮೇಲೆ ಗರ್ರನೆ ಒಂದು ಸುತ್ತು ಬಂತು. ಗಾಡಿ ಉಳಿಯಿತು. ಸಂತೋಷವಾಗಬೇಕಿತ್ತು.

ನಾನೇನು ಅಷ್ಟು ದಡ್ಡಿಯಲ್ಲ. ಚಕ್ರ ತಿರುಗುತ್ತಿರುವಾಗಲೇ ಎಲ್ಲ ತಿಳಿದುಹೋಯಿತು. ಹಿಡಿಯಲು ಯಾರೂ ಬೇಡ ಎಂಬುದು ಅವರಿಗೆ ಎಂಬತ್ತೈದರಿಂದ ಗೊತ್ತಿತ್ತು. ಬೆಲ್ಟು ಹೊಲಿದು, ಬಳೆ ಕೂರಿಸಿ, ಎಲ್ಲ ಸಿದ್ಧ ಮಾಡಿಟ್ಟುಕೊಂಡ ಮೇಲೆ ಯಾವುದೋ ಒಂದು ಭಾನುವಾರ ನನ್ನನ್ನು ಕರೆದಿದ್ದಾರೆ, ನಾನು ಬಂದು ಹಿಡಿದಿದ್ದೇನೆ, ಅವರಿಗೆ ಮಾತು ಬಂದಿದೆ. ಆಮೇಲೆ ಬೆಲ್ಟು ಟ್ರಂಕಿನ ತಳ ಸೇರಿತು. ಹ್ಯಾಂಡಲ್ ಕೈಯಲ್ಲಿದ್ದರೆ ನಾನು ಎದ್ದುಹೋಗುವ ಹಾಗಿರಲಿಲ್ಲ, ಅಷ್ಟೇ ಅವರಿಗೆ ಬೇಕಾಗಿದ್ದು. ಫೆಬ್ರವರಿಯಲ್ಲಿ ನಾನು ಬರುವುದಿಲ್ಲ ಎಂದಾಗ ಟ್ರಂಕು ತೆರೆದು ಬೆಲ್ಟು ತೆಗೆದಿದ್ದರೆ ಹತ್ತು ನಿಮಿಷದ ಕೆಲಸ. ತೆಗೆಯಲಿಲ್ಲ. ಕೈ ತೊಳೆದುಕೊಂಡು, ಹೋಗಲಿ ಬಿಡು ಎಂದರು. ಅವತ್ತು ಏನು ಹೇಳಬೇಕೆಂದಿದ್ದರೋ, ಎದೆ ನೋವಿನ ಮಾತೇ ಇತ್ತೋ, ದೇವರಿಗೇ ಗೊತ್ತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ನಮ್ಮಮ್ಮ ಹೇಳುತ್ತಿದ್ದಳು. ನನಗೇ ಹೇಳುತ್ತಿದ್ದಳು. ನಾನು ಅತ್ತೆ, ಮುಚ್ಚುಮರೆಯಿಲ್ಲದೆ, ಎಣ್ಣೆ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಆಮೇಲೆ ಎದ್ದು, ಸೆರಗಿನಲ್ಲಿ ಮುಖ ಒರೆಸಿಕೊಂಡು ಮುಂದಕ್ಕೆ ಬಂದೆ. ಬೆಲ್ಟುಗಳು ಬಿಗಿಯಾಗಿದ್ದವು, ದಿಮ್ಮಿಗಳು ಸರಿಯಾಗಿದ್ದವು, ಗಾಡಿ ಯಾರನ್ನೂ ಬೇಡದೆ ನೆಟ್ಟಗೆ ನಿಂತಿತ್ತು. ಆದರೂ ಎರಡು ಕೈಯಲ್ಲೂ ಹ್ಯಾಂಡಲ್ ಹಿಡಿದೆ. ಸೀಟಿನ ಆಚೆ, ಚಕ್ರದ ಹಿಂದೆ, ಮಣೆ ಖಾಲಿ ಇತ್ತು.

"ಹೇಳಿ," ಎಂದೆ. "ಒಲೆ ಮೇಲೆ ಏನೂ ಇಟ್ಟಿಲ್ಲ."